ಪ್ಯಾಂಕ್ರಿಯಾಸ್‌ಗೂ ವಿಟಮಿನ್ ಎಗೂ ಏನು ನಂಟು?

(ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೇಳುಗರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಟಮಿನ್ ಎ ಅಂದ ಕೂಡಲೇ ನಮಗೆಲ್ಲ ಕಣ್ಣು ನೆನಪಾಗುತ್ತದೆ. ಶಾಲೆಯಲ್ಲಿ ಕಲಿತದ್ದೇ ಅದು: ವಿಟಮಿನ್ ಎ ಕಮ್ಮಿಯಾದರೆ ಇರುಳುಗಣ್ಣು. ತಪ್ಪೇನಿಲ್ಲ. ಆದರೆ ಈ ವಿಟಮಿನ್ ಕಣ್ಣಿಗಷ್ಟೇ ಮೀಸಲಲ್ಲ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿಯ ಜೊತೆ ಅದಕ್ಕಿರುವ ನಂಟಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಪುಸ್ತಕದಲ್ಲಿ ಅದು ಮೇದೋಜೀರಕ ಗ್ರಂಥಿ. ಆಸ್ಪತ್ರೆಯಲ್ಲೂ ಮನೆಯಲ್ಲೂ ಈಗ ಎಲ್ಲರೂ ಪ್ಯಾಂಕ್ರಿಯಾಸ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಈ ನಂಟು ಎರಡೂ ಕಡೆಯಿಂದ ಇದೆ. ಊಟದಲ್ಲಿರುವ ವಿಟಮಿನ್ ಎ ಮೈಗೆ ಹತ್ತಬೇಕಾದರೆ ಪ್ಯಾಂಕ್ರಿಯಾಸ್ ಕೆಲಸ ಮಾಡಬೇಕು. ಪ್ಯಾಂಕ್ರಿಯಾಸ್ ನೆಟ್ಟಗಿರಬೇಕಾದರೆ ಅದಕ್ಕೆ ವಿಟಮಿನ್ ಎ ಬೇಕು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಗೂ ತಟ್ಟುತ್ತದೆ. ಇಷ್ಟು ಹೇಳುತ್ತಿದ್ದ ಹಾಗೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಹಾಗಾದರೆ ವಿಟಮಿನ್ ಎ ಮಾತ್ರೆ ಸ್ವಲ್ಪ ಜಾಸ್ತಿ ನುಂಗಿದರಾಯ್ತು, ಅಲ್ವಾ?" ಆಗಲ್ಲ. ಯಾಕೆ ಆಗಲ್ಲ ಅನ್ನುವುದನ್ನು ಬಿಡಿಸಿ ಹೇಳುವುದಕ್ಕೇ ಬಂದಿದ್ದೇನೆ.

ಮೊದಲು ಈ ಗ್ರಂಥಿಯ ಪರಿಚಯ ಚುಟುಕಾಗಿ ಮಾಡಿಕೊಡುತ್ತೇನೆ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ಹೆಚ್ಚೆಂದರೆ 100 ಗ್ರಾಂ ಆಸುಪಾಸು. ಕೆಲಸ ಎರಡು. ಮೊದಲನೆಯದು ಜೀರ್ಣರಸ ತಯಾರಿಸಿ ಸಣ್ಣ ಕರುಳಿಗೆ ಬಿಡುವುದು. ದಿನಕ್ಕೆ ಒಂದೂವರೆ ಲೀಟರಿನಷ್ಟು ರಸ ಹೊರಡುತ್ತದೆ. ಗ್ರಂಥಿಯ ಬಹುಪಾಲು ಕೋಶಗಳ ದುಡಿಮೆ ಇದೇ. ಎರಡನೆಯದು ಇನ್ಸುಲಿನ್, ಗ್ಲುಕಗಾನ್ ಥರದ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದು. ಈ ಕೆಲಸ ಮಾಡುವ ಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ ಅಲ್ಲಲ್ಲಿ ಕೂತಿರುತ್ತವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಅನ್ನುವ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ. ಇವು ಏನು ಮಾಡುತ್ತವೆ ಅಂತ ಅವನಿಗೆ ಗೊತ್ತಿರಲಿಲ್ಲ. ಆದರೂ ಅವುಗಳಿಗೆ ಅವನದೇ ಹೆಸರು ಬಂತು: ಲ್ಯಾಂಗರ್‌ಹಾನ್ಸ್ ದ್ವೀಪಗಳು. ತೂಕದಲ್ಲಿ ಇಡೀ ಗ್ರಂಥಿಯ ನೂರಕ್ಕೆ ಒಂದೋ ಎರಡೋ ಭಾಗ, ಅಷ್ಟೇ.

ಒಂದು ತುತ್ತಿನ ಹಿಂದೆ ಹೋಗೋಣ

ವಿಟಮಿನ್ ಎ ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮುಂದಿನ ಕತೆಯೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ.

ಊಟದಲ್ಲಿ ಅದು ಎರಡು ರೂಪದಲ್ಲಿ ಬರುತ್ತದೆ. ಹಾಲು, ಮೊಟ್ಟೆ, ಲಿವರ್ ಇವುಗಳಲ್ಲಿ ಸಿದ್ಧ ವಿಟಮಿನ್ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಒಂದು ಕೊಬ್ಬಿನಾಮ್ಲಕ್ಕೆ ಅಂಟಿಕೊಂಡಿರುತ್ತದೆ, ಅದಕ್ಕೆ ರೆಟಿನೈಲ್ ಎಸ್ಟರ್ ಅನ್ನುತ್ತಾರೆ. ಕ್ಯಾರೆಟ್ಟು, ಹಸಿರು ಸೊಪ್ಪುಗಳಲ್ಲಿ ಬೀಟಾ ಕ್ಯಾರೋಟಿನ್ ಇರುತ್ತದೆ. ಅದನ್ನು ನಮ್ಮ ದೇಹವೇ ಕತ್ತರಿಸಿ ವಿಟಮಿನ್ ಮಾಡಿಕೊಳ್ಳಬೇಕು. ಊಟದಲ್ಲಿರುವ 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್‌ನಿಂದ 1 ಮೈಕ್ರೋಗ್ರಾಂ ವಿಟಮಿನ್ ಎ ಸಿಗುತ್ತದೆ ಅನ್ನುವುದು ಈಗ ಬಳಸುವ ಲೆಕ್ಕ.

ತುತ್ತು ಜಠರ ದಾಟಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಬರುತ್ತದೆ. ಅಲ್ಲಿ ಕೊಬ್ಬು ಬಂದದ್ದು ಗೊತ್ತಾದ ಕೂಡಲೇ ಕರುಳಿನ ಗೋಡೆಯಿಂದ ಒಂದು ಹಾರ್ಮೋನು ಹೊರಡುತ್ತದೆ. ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ, ಪ್ಯಾಂಕ್ರಿಯಾಸ್ ತನ್ನ ರಸ ಬಿಡುತ್ತದೆ. ಎಣ್ಣೆ ಜಿಡ್ಡಿನ ಪಾತ್ರೆಗೆ ಸೋಪು ಮಾಡುವ ಕೆಲಸವನ್ನು ಇಲ್ಲಿ ಪಿತ್ತರಸ ಮಾಡುತ್ತದೆ: ದೊಡ್ಡ ಹನಿಯನ್ನು ಒಡೆದು ಪುಟ್ಟ ಪುಟ್ಟ ಹನಿ ಮಾಡುತ್ತದೆ. ಆದರೆ ಹನಿ ಚಿಕ್ಕದಾದರೆ ಸಾಲದು. ಒಳಗಿನ ಕೊಬ್ಬನ್ನು ರಾಸಾಯನಿಕವಾಗಿ ಬಿಡಿಸಬೇಕು. ಅದಕ್ಕೆ ಪ್ಯಾಂಕ್ರಿಯಾಸ್‌ನ ಲೈಪೇಸ್ ಅನ್ನುವ ಕಿಣ್ವ ಬೇಕು. ಅದೇ ರಸದಲ್ಲಿರುವ ಇನ್ನೊಂದು ಕಿಣ್ವ ಮತ್ತು ಕರುಳಿನ ಗೋಡೆಯ ಮೇಲಿರುವ ಕಿಣ್ವ ಸೇರಿ ರೆಟಿನೈಲ್ ಎಸ್ಟರನ್ನು ಒಡೆದು ರೆಟಿನಾಲ್, ಅಂದರೆ ಬಿಡಿಯಾದ ವಿಟಮಿನ್ ಎ, ಬಿಡಿಸುತ್ತವೆ. ಬಿಡುಗಡೆಯಾದ ರೆಟಿನಾಲ್, ಬೀಟಾ ಕ್ಯಾರೋಟಿನ್ ಎರಡೂ ಪಿತ್ತರಸದ ಲವಣ ಮತ್ತು ಜೀರ್ಣವಾದ ಕೊಬ್ಬಿನ ಜೊತೆ ಸೇರಿ ಇನ್ನೂ ಸಣ್ಣ ಕಣಗಳಾಗುತ್ತವೆ. ಆಗಲೇ ಕರುಳಿನ ಕೋಶ ಅವನ್ನು ಒಳಗೆ ಬಿಟ್ಟುಕೊಳ್ಳುವುದು.

ಲೈಪೇಸ್ ಇಲ್ಲದಿದ್ದರೆ? ಕೊಬ್ಬು ಜೀರ್ಣವಾಗದೆ ಹಾಗೇ ಹೊರಟುಹೋಗುತ್ತದೆ. ಜೊತೆಗೆ ಎ, ಡಿ, ಇ, ಕೆ ನಾಲ್ಕೂ ವಿಟಮಿನ್ ಹೋಗುತ್ತವೆ. ತಟ್ಟೆಯಲ್ಲಿ ಎಲ್ಲ ಇದ್ದರೂ ದೇಹಕ್ಕೆ ಸಿಗಲ್ಲ.

ಆದರೆ ಈ ಗ್ರಂಥಿ ಅಷ್ಟು ಬೇಗ ಕೈಚೆಲ್ಲುವುದೂ ಇಲ್ಲ. ಲೈಪೇಸ್ ಉತ್ಪಾದನೆ ಮಾಮೂಲಿಯ ಶೇಕಡ 10ಕ್ಕಿಂತ ಕೆಳಗೆ ಇಳಿಯುವವರೆಗೂ ಮಲದಲ್ಲಿ ಕೊಬ್ಬು ಎದ್ದು ಕಾಣುವುದಿಲ್ಲ ಅಂತ 1973ರಲ್ಲೇ ತೋರಿಸಲಾಗಿತ್ತು. ಕೇಳಲು ಸಮಾಧಾನದ ಮಾತು. ಅದರ ಇನ್ನೊಂದು ಮುಖ ಮಾತ್ರ ಅಷ್ಟು ಸಮಾಧಾನದ್ದಲ್ಲ. ಜಿಡ್ಡು ಜಿಡ್ಡಾದ, ನೀರು ಹಾಕಿದರೂ ತೇಲುವ, ವಿಪರೀತ ವಾಸನೆಯ ಮಲ ಶುರುವಾಗಿದೆ ಅಂದರೆ ಗ್ರಂಥಿಯ ಬಹುಪಾಲು ಆಗಲೇ ಹೋಗಿದೆ ಅಂತ ಅರ್ಥ. ಜನ ಇದನ್ನು ಹೇಳಿಕೊಳ್ಳಲು ನಾಚುತ್ತಾರೆ. ಮಲದ ಬಗ್ಗೆ ಡಾಕ್ಟರ ಹತ್ತಿರವೂ ಮಾತಾಡದಿದ್ದರೆ ಇನ್ಯಾರ ಹತ್ತಿರ ಮಾತಾಡುವುದು ಹೇಳಿ.

1938ರ ಒಂದು ಊಹೆ

ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡೊರೊಥಿ ಆಂಡರ್ಸನ್ ಅನ್ನುವ ರೋಗವಿಜ್ಞಾನಿ ಇದ್ದರು. ಕೊಬ್ಬು ಜೀರ್ಣವಾಗದೆ, ಸೊರಗಿ, ಕೊನೆಗೆ ಶ್ವಾಸಕೋಶದ ಸೋಂಕಿನಿಂದ ಸತ್ತ ಮಕ್ಕಳ ಶವಪರೀಕ್ಷೆ ಮಾಡುವುದು ಅವರ ಕೆಲಸದ ಒಂದು ಭಾಗ. ಅಂಥ ಒಂದು ಮಗುವಿನ ಪ್ಯಾಂಕ್ರಿಯಾಸ್ ನೋಡಿದಾಗ ಅದು ಇರಬೇಕಾದ ಹಾಗೆ ಇರಲಿಲ್ಲ. ನಾಳಗಳು ಕಟ್ಟಿಕೊಂಡು ಗುಳ್ಳೆಗಳಾಗಿದ್ದವು, ಸುತ್ತ ನಾರು ತುಂಬಿತ್ತು. ಅವರು ಅಲ್ಲಿಗೇ ಬಿಡದೆ ಹಳೆಯ ದಾಖಲೆಗಳನ್ನೆಲ್ಲ ಕೆದಕಿದರು. 1938ರಲ್ಲಿ 49 ಮಕ್ಕಳ ವಿವರ ಒಟ್ಟುಮಾಡಿ, ಇದೇ ಒಂದು ಬೇರೆ ಕಾಯಿಲೆ ಅಂತ ಬರೆದರು. ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಹೆಸರು ಬಂದದ್ದು ಹೀಗೆ.

ನಮ್ಮ ವಿಷಯಕ್ಕೆ ಬೇಕಾದದ್ದು ಆ ಬರಹದಲ್ಲಿರುವ ಇನ್ನೊಂದು ಎಳೆ. ಆ ಮಕ್ಕಳಲ್ಲಿ ವಿಟಮಿನ್ ಎ ಕೊರತೆಯ ಗುರುತುಗಳಿದ್ದವು. ವಿಟಮಿನ್ ಎ ಇಲ್ಲದಿದ್ದರೆ ದೇಹದ ಒಳಪದರಗಳು ಒದ್ದೆಯಾಗಿ ನುಣುಪಾಗಿ ಇರುವ ಬದಲು ಚರ್ಮದ ಹಾಗೆ ಒರಟಾಗುತ್ತವೆ ಅಂತ ವೋಲ್ಬಾಕ್ ಮತ್ತು ಹೌ 1925ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಶ್ವಾಸನಾಳದಲ್ಲೂ ಹೀಗಾಗುತ್ತದೆ, ಪ್ಯಾಂಕ್ರಿಯಾಸ್‌ನ ನಾಳಗಳಲ್ಲೂ ಆಗುತ್ತದೆ. ಆಂಡರ್ಸನ್ ಎರಡೂ ಕೂಡಿಸಿ ಯೋಚಿಸಿದರು: ಪ್ಯಾಂಕ್ರಿಯಾಸ್ ಕೆಟ್ಟಿತು, ಅದರಿಂದ ವಿಟಮಿನ್ ಎ ಸೇರಲಿಲ್ಲ, ಅದರಿಂದ ಶ್ವಾಸನಾಳ ಕೆಟ್ಟು ಸೋಂಕಾಯಿತು.

ಪೂರ್ತಿ ಸರಿಯಾದ ಊಹೆಯಲ್ಲ ಅದು. ಈ ಮಕ್ಕಳ ಬೆವರಿನಲ್ಲಿ ಉಪ್ಪು ಜಾಸ್ತಿ ಅಂತ 1953ರಲ್ಲಿ ಗೊತ್ತಾಯಿತು. 1989ರಲ್ಲಿ ಕಾಯಿಲೆಗೆ ಕಾರಣವಾದ ವಂಶವಾಹಿಯೇ ಸಿಕ್ಕಿತು. ಕೋಶದ ಗೋಡೆಯಲ್ಲಿ ಕ್ಲೋರೈಡ್ ಓಡಾಡುವ ದಾರಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಹಾಗಾಗಿ ಪ್ಯಾಂಕ್ರಿಯಾಸ್, ಶ್ವಾಸಕೋಶ ಎರಡರಲ್ಲೂ ಅಂಟು ಗಟ್ಟಿಯಾಗುತ್ತದೆ. ಒಂದು ಇನ್ನೊಂದಕ್ಕೆ ಕಾರಣವಲ್ಲ. ಆದರೆ ಸರಪಳಿಯ ಮೊದಲ ಕೊಂಡಿ, ಅಂದರೆ ಪ್ಯಾಂಕ್ರಿಯಾಸ್ ಸೋತರೆ ವಿಟಮಿನ್ ಎ ಕೊರತೆ ಆಗುತ್ತದೆ ಅನ್ನುವುದು, ಇವತ್ತಿಗೂ ನಿಂತಿದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ರಕ್ತದಲ್ಲಿ ವಿಟಮಿನ್ ಎ ಮಟ್ಟವನ್ನು ಈಗಲೂ ಆಗಾಗ ನೋಡುತ್ತಿರುತ್ತಾರೆ. ಕಮ್ಮಿಯಾಗಿದೆಯೇ ಅಂತ ಮಾತ್ರ ಅಲ್ಲ, ಔಷಧಿಯ ರೂಪದಲ್ಲಿ ಕೊಟ್ಟು ಕೊಟ್ಟು ಜಾಸ್ತಿಯಾಗಿದೆಯೇ ಅಂತಲೂ ನೋಡುತ್ತಾರೆ.

ಹೊಳೆಯುವ ಕೋಶಗಳು

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬಂದೆವು. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಕತೆ ಶುರುವಾಗುವುದು ಲಿವರ್‌ನಲ್ಲಿ. 1876ರಲ್ಲಿ ಕಾರ್ಲ್ ವಾನ್ ಕುಪ್ಫರ್ ಲಿವರ್‌ನ ಚೂರಿಗೆ ಚಿನ್ನದ ಲವಣ ಹಚ್ಚಿ ನೋಡಿದಾಗ ನಕ್ಷತ್ರದ ಹಾಗೆ ಕೈ ಚಾಚಿದ ಕೋಶಗಳು ಕಂಡವು. ಆಮೇಲೆ ಅವರೇ ಅವನ್ನು ಬೇರೊಂದು ಜಾತಿಯ ಕೋಶದ ಜೊತೆ ಬೆರೆಸಿ ಗೊಂದಲ ಮಾಡಿದರು. 1950ರ ದಶಕದ ಆರಂಭದಲ್ಲಿ ಜಪಾನಿನ ತೋಶಿಯೊ ಇತೊ ಲಿವರ್‌ನಲ್ಲೇ ಕೊಬ್ಬಿನ ಹನಿ ತುಂಬಿದ ಕೋಶಗಳನ್ನು ವಿವರಿಸಿದರು. 1971ರಲ್ಲಿ ಕೆಂಜಿರೊ ವಾಕೆ ಗಂಟು ಬಿಡಿಸಿದರು: ಕುಪ್ಫರ್ ನೋಡಿದ್ದೂ ಇತೊ ನೋಡಿದ್ದೂ ಒಂದೇ ಕೋಶ, ಆ ಹನಿಗಳೊಳಗೆ ಇರುವುದು ವಿಟಮಿನ್ ಎ. ದೇಹದ ವಿಟಮಿನ್ ಎ ದಾಸ್ತಾನಿನ ಬಹುಪಾಲು ಇರುವುದು ಈ ನಕ್ಷತ್ರ ಕೋಶಗಳಲ್ಲೇ.

ಪ್ಯಾಂಕ್ರಿಯಾಸ್‌ನಲ್ಲೂ ಅಂಥವು ಇವೆ ಅಂತ ಗೊತ್ತಾದದ್ದು ತಡವಾಗಿ. 1982ರಲ್ಲಿ ಜಪಾನಿನ ಸಂಶೋಧಕರು ಇಲಿಗಳಿಗೆ ವಿಟಮಿನ್ ಎ ಜಾಸ್ತಿ ಕೊಟ್ಟು ಪ್ಯಾಂಕ್ರಿಯಾಸ್ ನೋಡಿದಾಗ ಅಲ್ಲೂ ಅದನ್ನು ಕೂಡಿಟ್ಟುಕೊಂಡ ಕೋಶಗಳು ಕಂಡವು. 1998ರಲ್ಲಿ ಆಸ್ಟ್ರೇಲಿಯಾದ ಒಂದು ತಂಡ, ಜರ್ಮನಿಯ ಒಂದು ತಂಡ ಬೇರೆ ಬೇರೆಯಾಗಿ ಅವನ್ನು ಗ್ರಂಥಿಯಿಂದ ಬಿಡಿಸಿ ತೆಗೆದು ತಟ್ಟೆಯಲ್ಲಿ ಬೆಳೆಸಿದವು. ಅಲ್ಲಿಂದ ಮುಂದೆ ಈ ವಿಷಯ ಓಟ ಹಿಡಿಯಿತು.

ಸೂಕ್ಷ್ಮದರ್ಶಕದ ಕೆಳಗೆ ಅವು ಹೇಗೆ ಕಾಣುತ್ತವೆ ಗೊತ್ತಾ? ಗ್ರಂಥಿಯಿಂದ ಆಗಷ್ಟೇ ತೆಗೆದ ಕೋಶದ ಮೇಲೆ ನೇರಳಾತೀತ ಬೆಳಕು ಬಿಟ್ಟರೆ, ಒಳಗಿನ ಪುಟ್ಟ ಹನಿಗಳು ನೀಲಿ ಹಸಿರಾಗಿ ಹೊಳೆಯುತ್ತವೆ. ಬಣ್ಣ ಏನೂ ಹಚ್ಚಿರುವುದಿಲ್ಲ, ವಿಟಮಿನ್ ಎಗೆ ಸಹಜವಾಗಿ ಇರುವ ಹೊಳಪು ಅದು. ನೋಡನೋಡುತ್ತಿದ್ದ ಹಾಗೇ ಮಂಕಾಗುತ್ತದೆ, ಯಾಕೆಂದರೆ ಅದೇ ಬೆಳಕು ವಿಟಮಿನ್ನನ್ನು ಹಾಳುಮಾಡುತ್ತದೆ. ಬೇಗ ಮಂಕಾಗುವುದೇ ಇದು ವಿಟಮಿನ್ ಎ ಅನ್ನುವುದಕ್ಕೆ ಗುರುತು ಕೂಡ.

ಈಗ ಅದೇ ಕೋಶವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೆಲವು ದಿನ ಬೆಳೆಯಲು ಬಿಡಿ. ಹನಿಗಳು ಒಂದೊಂದಾಗಿ ಮಾಯವಾಗುತ್ತವೆ. ಕೋಶ ಹಿಗ್ಗಿ, ಚಪ್ಪಟೆಯಾಗಿ, ಮಾಂಸಖಂಡದಲ್ಲಿರುವಂಥ ಎಳೆಗಳನ್ನು ಕಟ್ಟಿಕೊಳ್ಳುತ್ತದೆ. ಮೊದಲು ತೆಪ್ಪಗೆ ಕೂತಿದ್ದ ಕೋಶ ಈಗ ಬೇಗ ಬೇಗ ಹೆಚ್ಚುತ್ತದೆ, ಓಡಾಡುತ್ತದೆ, ಕೊಲ್ಯಾಜೆನ್ ಸುರಿಯುತ್ತದೆ. ಕೊಲ್ಯಾಜೆನ್ ಅಂದರೆ ಗಾಯದ ಕಲೆಯಲ್ಲಿರುವ ನಾರು.

ದೇಹದೊಳಗೂ ನಡೆಯುವುದು ಇದೇ. ಪ್ಯಾಂಕ್ರಿಯಾಸ್‌ಗೆ ಪೆಟ್ಟು ಬಿದ್ದಾಗ ಈ ಕೋಶಗಳು ಎಚ್ಚರಗೊಂಡು ನಾರು ಹಾಕಿ ಗಾಯ ಮುಚ್ಚುತ್ತವೆ. ಒಂದು ಸಲದ ಪೆಟ್ಟಾದರೆ ಅದರಿಂದ ಒಳ್ಳೆಯದೇ. ಗಾಯ ಮಾಗಿದ ಮೇಲೆ ಅವು ಸುಮ್ಮನಾಗುತ್ತವೆ ಅಥವಾ ಸಾಯುತ್ತವೆ. ಆದರೆ ಪೆಟ್ಟು ಮತ್ತೆ ಮತ್ತೆ ಬೀಳುತ್ತಿದ್ದರೆ ಅವುಗಳಿಗೆ ನಿಲ್ಲಿಸುವ ಸೂಚನೆಯೇ ಸಿಗುವುದಿಲ್ಲ. ನಾರಿನ ಮೇಲೆ ನಾರು ಕೂತು, ರಸ ಮಾಡುವ ಕೋಶಗಳು ಸಾಯುತ್ತವೆ, ಕೊನೆಗೆ ದ್ವೀಪಗಳೂ ಸೊರಗುತ್ತವೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಅಂದರೆ ಇದೇ.

ಪದೇ ಪದೇ ಪೆಟ್ಟು ಕೊಡುವವರಲ್ಲಿ ಮದ್ಯ ಮುಂದಿದೆ. ಮದ್ಯ ದೇಹದಲ್ಲಿ ಒಡೆದು ಅಸಿಟಾಲ್ಡಿಹೈಡ್ ಆಗುತ್ತದೆ. ಅದನ್ನು ಈ ಕೋಶಗಳ ಮೇಲೆ ಹಾಕಿದರೆ ಅವು ಎಚ್ಚರಗೊಳ್ಳುತ್ತವೆ ಅಂತ ಪ್ರಯೋಗದಲ್ಲಿ ತೋರಿಸಿದ್ದಾರೆ. ಇದರ ಜೊತೆಗೆ ಮದ್ಯ ಲಿವರ್‌ನ ವಿಟಮಿನ್ ಎ ದಾಸ್ತಾನನ್ನೂ ಖಾಲಿ ಮಾಡುತ್ತದೆ. ಹಾಗಂತ ಕುಡಿಯುವವರು ವಿಟಮಿನ್ ಎ ಮಾತ್ರೆ ನುಂಗಿ ಸರಿಮಾಡಿಕೊಳ್ಳುತ್ತೇನೆ ಅಂದರೆ ಇನ್ನೂ ಅಪಾಯ, ಯಾಕೆಂದರೆ ಮದ್ಯದ ಜೊತೆ ಸೇರಿದಾಗ ಈ ವಿಟಮಿನ್ ಲಿವರ್‌ಗೆ ವಿಷವಾಗುವ ಮಟ್ಟ ಕೆಳಗಿಳಿಯುತ್ತದೆ. ಬೀಡಿ ಸಿಗರೇಟಿನದೂ ಬೇರೆಯದೇ ಪಾಲಿದೆ. ಕುಡಿತ ಇಲ್ಲದವರಲ್ಲೂ ಅದು ಈ ಕಾಯಿಲೆಯ ಸಾಧ್ಯತೆ ಹೆಚ್ಚಿಸುತ್ತದೆ.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಏಳುವ ಪ್ರಶ್ನೆ: ಎಚ್ಚರಗೊಂಡ ಕೋಶಕ್ಕೆ ಕಳೆದುಹೋದ ವಿಟಮಿನ್ ಎ ವಾಪಸ್ ಕೊಟ್ಟರೆ? ತಟ್ಟೆಯಲ್ಲಿ ಕೊಟ್ಟು ನೋಡಿದ್ದಾರೆ. ಅವು ಹೆಚ್ಚುವುದು ಕಮ್ಮಿಯಾಯಿತು, ನಾರು ಹಾಕುವುದು ಕಮ್ಮಿಯಾಯಿತು. ಮದ್ಯ ಹಾಕಿದರೂ ಮೊದಲಿನಷ್ಟು ಕೆರಳಲಿಲ್ಲ.

ಕ್ಯಾನ್ಸರಿನ ಗೋಡೆ

ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಗೆಡ್ಡೆ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಅದರಲ್ಲಿ ಬಹುಪಾಲು ಕ್ಯಾನ್ಸರ್ ಕೋಶಗಳೇ ಅಲ್ಲ, ಈ ನಕ್ಷತ್ರ ಕೋಶಗಳು ಹಾಕಿದ ನಾರು. ನಾರು ಒತ್ತಿ ಒತ್ತಿ ರಕ್ತನಾಳಗಳನ್ನು ಮುಚ್ಚುತ್ತದೆ, ಔಷಧಿ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಸರಿ, ಗೋಡೆಯನ್ನೇ ಕೆಡವಿಬಿಡೋಣ ಅಂತ ಕೆಲವರು ಹೊರಟರು. 2014ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಆ ಗೋಡೆ ಕಟ್ಟುವ ಕೋಶಗಳನ್ನು ಅಥವಾ ಕಟ್ಟಿಸುವ ಸಂಕೇತವನ್ನು ತೆಗೆದು ನೋಡಿದವು. ಕ್ಯಾನ್ಸರ್ ಇನ್ನೂ ಉಗ್ರವಾಯಿತು! ಗೋಡೆ ಔಷಧಿಯನ್ನು ತಡೆಯುವುದರ ಜೊತೆಗೆ ಕ್ಯಾನ್ಸರನ್ನೂ ಒಂದಿಷ್ಟು ಕಟ್ಟಿಹಾಕಿತ್ತು.

ಹಾಗಾಗಿ ಕೊಲ್ಲುವುದಕ್ಕಿಂತ ಸುಮ್ಮನಾಗಿಸುವುದು ಮೇಲು ಅನ್ನುವ ವಿಚಾರಕ್ಕೆ ಬಲ ಬಂತು. ಅದಕ್ಕೆ ಆರಿಸಿಕೊಂಡದ್ದು ವಿಟಮಿನ್ ಎಯ ಒಂದು ರೂಪವನ್ನು, ಆಲ್ ಟ್ರಾನ್ಸ್ ರೆಟಿನೋಯಿಕ್ ಆಮ್ಲವನ್ನು. ಇದು ಹೊಸ ಔಷಧಿಯೇನಲ್ಲ. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಇದನ್ನು ಕೊಟ್ಟ ಚೀನಾದ ವೈದ್ಯರು 1988ರಲ್ಲಿ ವರದಿ ಮಾಡಿದಾಗಿನಿಂದ ಆ ಕಾಯಿಲೆಯ ಚಿಕಿತ್ಸೆಯೇ ಬದಲಾಗಿದೆ. ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ಮಾಮೂಲಿ ಕೀಮೋ ಜೊತೆ ಇದನ್ನು ಸೇರಿಸಿ ಕೊಟ್ಟ ಬ್ರಿಟನ್ನಿನ ಮೊದಲ ಹಂತದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ರೋಗಿಗಳು ತಡೆದುಕೊಳ್ಳಬಲ್ಲ ಪ್ರಮಾಣ ಯಾವುದು ಅಂತ ಅದರಲ್ಲಿ ಗೊತ್ತಾಯಿತು. ಆಯಸ್ಸು ಹೆಚ್ಚುತ್ತದೆ ಅಂತ ಅದು ಸಾಬೀತು ಮಾಡಿಲ್ಲ. ಅಷ್ಟು ಸಣ್ಣ ಪ್ರಯೋಗದಿಂದ ಅದು ಸಾಧ್ಯವೂ ಇಲ್ಲ. ಪತ್ರಿಕೆಯ ತಲೆಬರಹದಲ್ಲಿ ‘ವಿಟಮಿನ್ ಎಯಿಂದ ಕ್ಯಾನ್ಸರ್ ಮಾಯ’ ಅಂತ ಬಂದರೆ ಈ ಮಾತು ನೆನಪಿರಲಿ.

ಗ್ರಂಥಿ ಹುಟ್ಟುವುದೇ ಇದರಿಂದ

ರೆಟಿನೋಯಿಕ್ ಆಮ್ಲದ ಹೆಸರು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೇಹ ವಿಟಮಿನ್ ಎಯನ್ನು ರೆಟಿನೋಯಿಕ್ ಆಮ್ಲ ಮಾಡಿಕೊಂಡಾಗ ಅದು ಹೆಚ್ಚುಕಮ್ಮಿ ಹಾರ್ಮೋನಿನ ಹಾಗೆ ಕೆಲಸ ಮಾಡುತ್ತದೆ. ಕೋಶದ ಕೇಂದ್ರದೊಳಗೆ ಹೋಗಿ ಒಂದು ಗ್ರಾಹಕಕ್ಕೆ ಅಂಟಿಕೊಂಡು, ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅಂತ ತೀರ್ಮಾನಿಸುತ್ತದೆ. ಆ ಗ್ರಾಹಕವನ್ನು ಫ್ರಾನ್ಸಿನ ಪಿಯರ್ ಶಾಂಬೊ ತಂಡ, ಅಮೆರಿಕದ ರೊನಾಲ್ಡ್ ಇವಾನ್ಸ್ ತಂಡ ಎರಡೂ 1987ರಲ್ಲಿ ಕಂಡುಹಿಡಿದವು.

ಗರ್ಭದಲ್ಲಿ ಪ್ಯಾಂಕ್ರಿಯಾಸ್ ಎರಡು ಮೊಗ್ಗುಗಳಾಗಿ ಹುಟ್ಟುತ್ತದೆ, ಬೆನ್ನಿನ ಕಡೆ ಒಂದು, ಹೊಟ್ಟೆಯ ಕಡೆ ಒಂದು. ಆಮೇಲೆ ಎರಡೂ ಕೂಡಿಕೊಳ್ಳುತ್ತವೆ. ರೆಟಿನೋಯಿಕ್ ಆಮ್ಲ ತಯಾರಿಸುವ ಕಿಣ್ವ ಇಲ್ಲದ ಇಲಿ ಭ್ರೂಣಗಳಲ್ಲಿ ಬೆನ್ನಿನ ಕಡೆಯ ಮೊಗ್ಗು ಬೆಳೆಯುವುದೇ ಇಲ್ಲ ಅಂತ 2005ರಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು, 2002ರಲ್ಲಿ, ಜೀಬ್ರಾ ಮೀನಿನ ಮೇಲೆ ಇನ್ನೂ ಸೊಗಸಾದ ಪ್ರಯೋಗ ಆಗಿತ್ತು. ಈ ಸಂಕೇತವನ್ನು ತಡೆದರೆ ಪ್ಯಾಂಕ್ರಿಯಾಸ್ ಬರಲಿಲ್ಲ. ಹೊರಗಿನಿಂದ ಜಾಸ್ತಿ ಕೊಟ್ಟರೆ ಬರಬಾರದ ಜಾಗದಲ್ಲೂ ಪ್ಯಾಂಕ್ರಿಯಾಸ್ ಕೋಶಗಳು ಹುಟ್ಟಿದವು! ಮಾತ್ರೆ ಜಾಸ್ತಿ ನುಂಗಬಾರದೇಕೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಸಿಕ್ಕಿಲ್ಲ. ಇದು ಒಂದು ಸಂಕೇತ. ಎಲ್ಲಿ, ಯಾವಾಗ, ಎಷ್ಟು ಅನ್ನುವುದರ ಮೇಲೆ ಅದರ ಗುಣ.

ಪ್ರಯೋಗಾಲಯದಲ್ಲಿ ಕಾಂಡಕೋಶಗಳಿಂದ ಇನ್ಸುಲಿನ್ ಕೋಶ ಬೆಳೆಸುವವರಿಗೆ ಇದು ಚೆನ್ನಾಗಿ ಗೊತ್ತು. 2006ರಲ್ಲಿ ಪ್ರಕಟವಾದ ಹೆಸರಾಂತ ವಿಧಾನದಲ್ಲೂ ರೆಟಿನೋಯಿಕ್ ಆಮ್ಲ ಇದೆ, ಆದರೆ ಒಂದು ನಿರ್ದಿಷ್ಟ ಹಂತದಲ್ಲಿ ಮಾತ್ರ. ಆಮೇಲೆ ಅದನ್ನು ತೆಗೆದುಬಿಡುತ್ತಾರೆ.

ಸಕ್ಕರೆಯ ಮಾತು

ಬೆಳೆದ ಗ್ರಂಥಿಗೂ ಇದು ಬೇಕು. ವಿಟಮಿನ್ ಎ ಇಲ್ಲದ ಇಲಿಗಳಲ್ಲಿ ಇನ್ಸುಲಿನ್ ಸರಿಯಾಗಿ ಹೊರಡುವುದಿಲ್ಲ ಅಂತ 1980ರ ದಶಕದಲ್ಲೇ ಗೊತ್ತಿತ್ತು. 2015ರಲ್ಲಿ ನ್ಯೂಯಾರ್ಕಿನ ಒಂದು ತಂಡ ಬೆಳೆದ ಇಲಿಗಳ ಆಹಾರದಿಂದ ವಿಟಮಿನ್ ಎ ತೆಗೆದು ನೋಡಿತು. ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಸತ್ತವು, ದ್ವೀಪಗಳು ಚಿಕ್ಕದಾದವು, ರಕ್ತದ ಸಕ್ಕರೆ ಏರಿತು. ವಿಟಮಿನ್ ಎ ಮತ್ತೆ ಕೊಟ್ಟಾಗ ಎಲ್ಲ ಹಳೆಯ ಸ್ಥಿತಿಗೆ ಬಂತು.

ಆದರೆ ಕತೆ ಇಷ್ಟು ಸರಳ ಅಲ್ಲ. 2010ರಲ್ಲಿ ಇಲಿಯ ಪ್ಯಾಂಕ್ರಿಯಾಸ್‌ನಲ್ಲಿ ಸಿಕ್ಕ ವಿಟಮಿನ್ ಎಯ ಇನ್ನೊಂದು ರೂಪ ಇನ್ಸುಲಿನ್ ಬಿಡುಗಡೆಗೆ ಕಡಿವಾಣ ಹಾಕುತ್ತದೆ. ಸಕ್ಕರೆ ಏರಿದಾಗ ಈ ರೂಪದ ಮಟ್ಟ ತಾನಾಗೇ ಇಳಿಯುತ್ತದೆ. ರಕ್ತದಲ್ಲಿ ವಿಟಮಿನ್ ಎ ಹೊತ್ತು ತಿರುಗುವ ಪ್ರೋಟೀನು ಜಾಸ್ತಿಯಾದರೆ ಇನ್ಸುಲಿನ್ನಿನ ಮಾತು ದೇಹ ಕೇಳದ ಹಾಗಾಗುತ್ತದೆ ಅಂತ 2005ರ ಇನ್ನೊಂದು ಇಲಿ ಅಧ್ಯಯನ ಹೇಳಿತು. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು ಸಕ್ಕರೆ ಕಾಯಿಲೆಗೆ ವಿಟಮಿನ್ ಎ ಮದ್ದು ಅನ್ನುವುದು ತಪ್ಪು. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ.

ಹಾಗಾದರೆ ಮಾಡಬೇಕಾದ್ದೇನು

ಆರೋಗ್ಯವಾಗಿರುವವರು ಹೆಚ್ಚೇನೂ ಮಾಡಬೇಕಾಗಿಲ್ಲ. ದಿನಕ್ಕೆ ಗಂಡಸರಿಗೆ 900, ಹೆಂಗಸರಿಗೆ 700 ಮೈಕ್ರೋಗ್ರಾಂ ಸಾಕು ಅನ್ನುವುದು ಅಮೆರಿಕದ ಶಿಫಾರಸು. ಬೇರೆ ದೇಶಗಳದು ಅದರ ಆಚೀಚೆ ಇದೆ. ಸಿದ್ಧ ವಿಟಮಿನ್ ಎಗೆ ದಿನದ ಮೇಲ್ಮಿತಿ 3,000 ಮೈಕ್ರೋಗ್ರಾಂ. ಮಾಮೂಲಿ ಊಟದಿಂದ ಅದನ್ನು ದಾಟುವುದು ಕಷ್ಟ. ಮಾತ್ರೆಯಿಂದ ದಾಟುವುದು ಸುಲಭ.

ಪ್ಯಾಂಕ್ರಿಯಾಸ್ ಕಾಯಿಲೆ ಇರುವವರ ವಿಷಯ ಬೇರೆ. ಅವರಿಗೆ ಮೊದಲು ಬೇಕಾದದ್ದು ಕಿಣ್ವದ ಕ್ಯಾಪ್ಸೂಲು. ಅದನ್ನು ಊಟದ ಜೊತೆಗೇ ತಗೋಬೇಕು. ಊಟಕ್ಕೆ ಅರ್ಧ ಗಂಟೆ ಮುಂಚೆಯೋ, ಎಲ್ಲ ಮುಗಿದ ಮೇಲೆ ನೆನಪಾದಾಗಲೋ ಅಲ್ಲ. ಕೊಬ್ಬು ಮತ್ತು ಕಿಣ್ವ ಕರುಳಿಗೆ ಒಟ್ಟಿಗೆ ಹೋಗಿ ಸೇರಬೇಕಲ್ಲ! ಒಳಗಿರುವ ಪುಟ್ಟ ಗುಳಿಗೆಗಳನ್ನು ಅಗಿಯಬಾರದು, ಪುಡಿ ಮಾಡಬಾರದು. ಮೇಲಿನ ಲೇಪ ಹೋದರೆ ಜಠರದ ಆಮ್ಲದಲ್ಲೇ ಕಿಣ್ವ ಹಾಳಾಗುತ್ತದೆ. ಹಿಂದೆಲ್ಲ ಇಂಥವರಿಗೆ ಕೊಬ್ಬು ಪೂರ್ತಿ ಬಿಡಿ ಅನ್ನುತ್ತಿದ್ದರು. ಈಗ ಕಿಣ್ವ ಸರಿಯಾಗಿ ಕೊಟ್ಟು ಮಾಮೂಲಿ ಕೊಬ್ಬು ತಿನ್ನಲು ಬಿಡುವ ಕಡೆಗೇ ವೈದ್ಯರ ಒಲವು. ಕೊಬ್ಬನ್ನೇ ಬಿಟ್ಟರೆ ಈಗಾಗಲೇ ಕಮ್ಮಿ ಇರುವ ವಿಟಮಿನ್ ಇನ್ನೂ ಕಮ್ಮಿಯಾಗುತ್ತದೆ. ಕೊರತೆ ಇದೆ ಅಂತ ಖಚಿತವಾದರೆ ವಿಟಮಿನ್ ಎ ಕೊಡುತ್ತಾರೆ, ಆದರೆ ಅಳತೆ ನೋಡಿ ಕೊಡುತ್ತಾರೆ.

ಕೇಳುಗರ ಪ್ರಶ್ನೆಗಳಿಂದ

*ಅಣ್ಣನಿಗೆ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇದೆ. ರಕ್ತದಲ್ಲಿ ವಿಟಮಿನ್ ಎ ಸರಿ ಇದೆ ಅಂತ ರಿಪೋರ್ಟ್ ಬಂದಿದೆ. ಅಷ್ಟು ಸಾಕಾ ಸಾರ್?*

ಒಂದು ಮಟ್ಟಿಗೆ ಸಾಕಮ್ಮ, ಆದರೆ ಆ ಸಂಖ್ಯೆಯನ್ನೇ ಪೂರ್ತಿ ನಂಬಬೇಡಿ. ಲಿವರ್‌ನ ದಾಸ್ತಾನು ಬಹಳ ಇಳಿಯುವವರೆಗೂ ರಕ್ತದ ಮಟ್ಟವನ್ನು ದೇಹ ಹಾಗೇ ಕಾಯ್ದುಕೊಳ್ಳುತ್ತದೆ. ಲೀಟರಿಗೆ 0.7 ಮೈಕ್ರೋಮೋಲ್‌ಗಿಂತ ಕೆಳಗೆ ಬಂದರೆ ಕೊರತೆ ಅನ್ನುತ್ತಾರೆ, ಆ ಹೊತ್ತಿಗೆ ದಾಸ್ತಾನು ಹೆಚ್ಚುಕಮ್ಮಿ ಮುಗಿದಿರುತ್ತದೆ. ಇದರ ಉಲ್ಟಾನೂ ಇದೆ. ಮೈಯಲ್ಲಿ ಉರಿಯೂತ ಜೋರಾಗಿದ್ದಾಗ ವಿಟಮಿನ್ ಹೊರುವ ಪ್ರೋಟೀನು ಕಮ್ಮಿಯಾಗಿ, ಕೊರತೆ ಇಲ್ಲದಿದ್ದರೂ ಇದ್ದ ಹಾಗೆ ಕಾಣುತ್ತದೆ. ಹಾಗಾಗಿ ನೋವು ಉಲ್ಬಣಿಸಿ ಆಸ್ಪತ್ರೆಗೆ ಸೇರಿದಾಗ ಮಾಡಿಸಿದ ಪರೀಕ್ಷೆಗಿಂತ, ಆರಾಮಾಗಿರುವಾಗ ಮಾಡಿಸಿದ್ದು ಒಳ್ಳೆಯದು. ಸಂಜೆಗತ್ತಲಲ್ಲಿ ಮೆಟ್ಟಿಲು ಇಳಿಯಲು ತಡವರಿಸುತ್ತಾರಾ ಅಂತಲೂ ಗಮನಿಸಿ. ಜಿಂಕ್ ಮಟ್ಟ ನೋಡಲೂ ಹೇಳಿ. ಈ ಕಾಯಿಲೆಯಲ್ಲಿ ಅದೂ ಕಮ್ಮಿಯಾಗುವುದುಂಟು, ಅದಿಲ್ಲದೆ ವಿಟಮಿನ್ ಎ ಲಿವರ್‌ನಿಂದ ಸರಿಯಾಗಿ ಹೊರಡುವುದಿಲ್ಲ.

*ಮುಂಜಾಗ್ರತೆಗೆ ಅಂತ ದಿನಾ ಒಂದು ಮಾತ್ರೆ ತಗೊಂಡರೆ ನಷ್ಟ ಏನು?*

ನಷ್ಟ ಇದೆ. ಕ್ಯಾನ್ಸರ್ ತಡೆಯಬಹುದು ಅಂತ ಅಮೆರಿಕದಲ್ಲಿ 18,314 ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅವರಲ್ಲಿ ಹೆಚ್ಚಿನವರು ಸಿಗರೇಟು ಸೇದುವವರು, ಸೇದಿ ಬಿಟ್ಟವರು, ಉಳಿದವರು ಕಲ್ನಾರಿನ ಕೆಲಸ ಮಾಡಿದವರು. ಅವರಲ್ಲಿ ಒಂದು ಗುಂಪಿಗೆ ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಎ ಎರಡನ್ನೂ ದಿನಾ ಕೊಟ್ಟರು. ಆ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 28ರಷ್ಟು ಜಾಸ್ತಿಯಾಯಿತು. 1996ರ ಜನವರಿಯಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇನ್ನು ಗರ್ಭಿಣಿಯರು ಹೆಚ್ಚಿನ ಪ್ರಮಾಣದ ವಿಟಮಿನ್ ಎ ಮಾತ್ರೆ ಮುಟ್ಟಲೇಬಾರದು, ಮಗುವಿನ ಬೆಳವಣಿಗೆ ಕೆಡುತ್ತದೆ.

*ಕ್ಯಾರೆಟ್ ಜಾಸ್ತಿ ತಿಂದರೂ ಹೀಗೇ ಆಗುತ್ತದಾ?*

ಇಲ್ಲ. ಬೀಟಾ ಕ್ಯಾರೋಟಿನ್ ಎಷ್ಟು ಕತ್ತರಿಸಬೇಕು ಅಂತ ಕರುಳೇ ಹಿಡಿತ ಇಟ್ಟುಕೊಂಡಿರುತ್ತದೆ. ಅತಿಯಾಗಿ ತಿಂದರೆ ಅಂಗೈ ಹಳದಿಯಾಗಬಹುದು. ಕಣ್ಣಿನ ಬಿಳಿಭಾಗ ಬಿಳಿಯಾಗೇ ಇರುತ್ತದೆ, ಅದರಿಂದ ಕಾಮಾಲೆ ಅಲ್ಲ ಅಂತ ಗೊತ್ತಾಗುತ್ತದೆ. ಕಣ್ಣೂ ಹಳದಿಯಾದರೆ ಮಾತ್ರ ಕ್ಯಾರೆಟ್ಟಿನ ಮೇಲೆ ಹಾಕಿ ಸುಮ್ಮನಿರಬೇಡಿ. ಪ್ಯಾಂಕ್ರಿಯಾಸ್‌ನ ತಲೆಭಾಗದ ಗೆಡ್ಡೆ ಪಿತ್ತನಾಳ ಒತ್ತಿದಾಗಲೂ ಹಾಗಾಗುತ್ತದೆ.

*ಮಗಳು ಮೊಡವೆಗೆ ಐಸೊಟ್ರೆಟಿನಾಯಿನ್ ತಗೋತಿದ್ದಾಳೆ. ಅದೂ ವಿಟಮಿನ್ ಎ ಕಡೆಯದೇ ಅಂತ ಕೇಳಿದೆ. ಪ್ಯಾಂಕ್ರಿಯಾಸ್‌ಗೆ ತೊಂದರೆ ಇದೆಯಾ?*

ಹೌದು, ಅದೇ ಕುಟುಂಬದ್ದು. ಬಹಳಷ್ಟು ಜನಕ್ಕೆ ಪ್ಯಾಂಕ್ರಿಯಾಸ್‌ಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಇದು ರಕ್ತದ ಟ್ರೈಗ್ಲಿಸರೈಡ್ ಏರಿಸುತ್ತದೆ. ಅದು ಡೆಸಿಲೀಟರಿಗೆ 1,000 ಮಿಲಿಗ್ರಾಂ ದಾಟಿದರೆ ಪ್ಯಾಂಕ್ರಿಯಾಟೈಟಿಸ್ ಅಪಾಯ ಶುರು. ಅಪರೂಪ, ಆದರೆ ಆಗಿರುವುದುಂಟು. ಅದಕ್ಕೇ ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ ಮತ್ತೆ ರಕ್ತಪರೀಕ್ಷೆ ಮಾಡಿಸಲು ಹೇಳುತ್ತಾರೆ. ಅದನ್ನು ತಪ್ಪಿಸಬೇಡಿ. ಮೊದಲೇ ಟ್ರೈಗ್ಲಿಸರೈಡ್ ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮುಂಚೆಯೇ ಹೇಳಿ. ಇದರ ಜೊತೆ ಬೇರೆ ವಿಟಮಿನ್ ಎ ಮಾತ್ರೆ ಬೇಡವೇ ಬೇಡ. ಗರ್ಭದ ವಿಷಯದಲ್ಲಿ ಇದಕ್ಕಿರುವ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಅವರು ಹೇಳಿರುತ್ತಾರೆ, ಅದನ್ನೂ ಪಾಲಿಸಿ. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹರಡಿದರೆ, ಜೊತೆಗೆ ವಾಂತಿಯೂ ಇದ್ದರೆ, ಗ್ಯಾಸು ಅಂತ ಕಾಯಬೇಡಿ. ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತಗೋತಿದ್ದಾಳೆ ಅಂತ ಮೊದಲೇ ಹೇಳಿಬಿಡಿ. ರಕ್ತದಲ್ಲಿ ಲೈಪೇಸ್ ಮಾಮೂಲಿಯ ಮೂರು ಪಟ್ಟಿಗಿಂತ ಜಾಸ್ತಿ ಇದೆಯಾ ಅಂತ ಅವರು ನೋಡುತ್ತಾರೆ.